ಹೆಣ್ಣುಮರಿಗೊಂದು ಮನೆ

ನಮ್ ಹಾಗಲವಾಡಿ ಕಡೆ ಬೀದಿನಾಯಿ ಮರಿ ಹಾಕಿತು ಅಂದ್ರೆ ತಿಂಗಳೊಪ್ಪತ್ತಿನೊಳಗೆ ಗಂಡುಮರಿಗಳೆಲ್ಲ ಖಾಲಿ. ತೋಟದ ಮನೆಗೊಂದು, ಕುರಿ ರೊಪ್ಪಕ್ಕೊಂದು, ಅಂಗಡಿ ಬಾಗಿಲಿಗೊಂದು ಅಂತ ಎತ್ಕೊಂಡು ಹೋಗ್ತಾರೆ. ಕೊನೆಗೆ ತಾಯಿ ಪಕ್ಕದಲ್ಲಿ ಉಳಿಯೋವು ಹೆಣ್ಣುಮರಿಗಳೇ. ಯಾರನ್ನಾದ್ರೂ ಕರೆದು "ಒಂದು ಮರಿ ತಗೊಂಡೋಗ್ರಪ್ಪ" ಅಂದ್ರೆ ಮೊದಲು ಬಾಲ ಎತ್ತಿ ನೋಡ್ತಾರೆ. "ಹೆಣ್ಣಾ? ಬ್ಯಾಡ ಬುಡಿ" ಅಂತ ಕೈ ಒರೆಸ್ಕೊಂಡು ಹೊರಡ್ತಾರೆ. ವರ್ಷಕ್ಕೆರಡು ಸಲ ಬೆದೆಗೆ ಬರ್ತದೆ, ಊರ ಗಂಡುನಾಯಿಗಳೆಲ್ಲ ಮನೆ ಮುಂದೆ ಕಾದು ಕೂರ್ತವೆ, ಆಮೇಲೆ ಐದಾರು ಮರಿ, ಅವನ್ನ ಯಾರು ನೋಡೋರು ಅಂತ ಅವರ ಲೆಕ್ಕ. ಲೆಕ್ಕ ಸುಳ್ಳಲ್ಲ. ಆದ್ರೆ ಆ ಲೆಕ್ಕದಿಂದಲೇ ಎಷ್ಟೋ ಹೆಣ್ಣುಮರಿಗಳು ಕಣ್ಣು ಬಿಟ್ಟ ತಿಂಗಳೊಳಗೆ ಚೀಲ ಸೇರ್ತವೆ.

ನಾನು ಸಾಮಾನ್ಯವಾಗಿ ಅಡುಗೆ, ಹಿತ್ಲು, ಹಬ್ಬ ಅಂತ ಬರೆಯೋಳು. ಈ ಸಲ ಒಂದು ಹೆಣ್ಣುಮರಿಗೆ ಮನೆ ಹುಡುಕಿದ ಕತೆ ಹೇಳ್ತೀನಿ. ನಿಮ್ಮ ಬೀದೀಲೂ ಇಂಥ ಮರಿಗಳು ಇದ್ದೇ ಇರ್ತವೆ, ಯಾರಿಗಾದ್ರೂ ಉಪಯೋಗಕ್ಕೆ ಬಂದೀತು.

2025ರ ದೀಪಾವಳಿ ಕಳೆದು ಒಂದು ವಾರ ಆಗಿತ್ತು. ನಮ್ಮನೆಯವ್ರು ಬೆಳಿಗ್ಗೆ ತೋಟಕ್ಕೆ ಹೋಗುವಾಗ ಕೆರೆ ಏರಿ ಪಕ್ಕದ ಲಂಟಾನ ಪೊದೇಲಿ ಕುಂಯ್ ಕುಂಯ್ ಅನ್ನೋ ಸದ್ದು ಕೇಳಿ ನಿಂತರಂತೆ. ಬಾಯಿ ಕಟ್ಟಿದ್ದ ಸಿಮೆಂಟು ಚೀಲ. ಬಿಚ್ಚಿದ್ರೆ ಮೂರು ಮರಿ, ಮೂರೂ ಹೆಣ್ಣು. ಎರಡು ಆಗಲೇ ಹೋಗಿದ್ದವು. ಉಳಿದದ್ದನ್ನ ಟವೆಲ್ಲಿನಲ್ಲಿ ಸುತ್ಕೊಂಡು ಮನೆಗೆ ತಂದ್ರು. ಕೆಂಚು ಬಣ್ಣ, ಎದೆ ಮೇಲೆ ಮಾತ್ರ ಕಾಸಗಲ ಬಿಳಿ. ನಮ್ಮತ್ತೆ ಜಗುಲಿ ಮೇಲೆ ಕೂತಿದ್ದೋರು ನೋಡಿ, "ಅಯ್ಯೋ ಕೆಂಚೀ, ಯಾವ ಪಾಪಿ ಕಟ್ಟಿದ್ನೇ ನಿನ್ನ" ಅಂದ್ರು. ಅಲ್ಲಿಗೆ ಹೆಸರಾಯ್ತು.

ಮೊದಲ ವಾರ ಪೂರ್ತಿ ಅದರ ಆರೈಕೆ. ಪಶು ಆಸ್ಪತ್ರೆ ಡಾಕ್ಟರು ಹಲ್ಲು ನೋಡಿ ಒಂದೂವರೆ ತಿಂಗಳಿರಬೇಕು ಅಂದ್ರು. ಹೊಟ್ಟೆ ಡೊಳ್ಳಿನ ಹಾಗಿತ್ತು, ಅದು ತಿಂದು ಬಂದ ಹೊಟ್ಟೆಯಲ್ಲ, ಜಂತುಹುಳದ್ದು. ಹುಳದ ಔಷಧಿ ಕೊಟ್ಟು, ಎರಡು ವಾರ ಬಿಟ್ಟು ಮತ್ತೊಂದು ಸಲ ಹಾಕಿ ಅಂದ್ರು. ಬರೀ ಹಸಿನ ಹಾಲು ಕುಡಿಸಿದ್ರೆ ಭೇದಿ ಆಗುತ್ತೆ, ಹಾಗಾಗಿ ತೆಳ್ಳಗೆ ರಾಗಿ ಅಂಬಲಿ, ಮೆತ್ತಗೆ ಕಲಸಿದ ಮೊಸರನ್ನ, ಬೇಯಿಸಿದ ಮೊಟ್ಟೆ, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಇಕ್ಕಿದೆ. ಈರುಳ್ಳಿ ಬಿದ್ದ ಸಾರು, ಚಾಕಲೇಟು, ದ್ರಾಕ್ಷಿ ಇವು ಮೂರೂ ನಾಯಿಗೆ ವಿಷ ಇದ್ದ ಹಾಗೆ. ಬೇಯಿಸಿದ ಕೋಳಿ ಮೂಳೆಯೂ ಬೇಡ, ಸಿಬಿರು ಸಿಬಿರಾಗಿ ಕರುಳಿಗೆ ಚುಚ್ಚುತ್ತೆ. ಪಾರ್ವೊ ಅಂತ ಒಂದು ವಾಂತಿಭೇದಿ ಕಾಯಿಲೆ ಐತೆ, ಮರಿಗಳನ್ನ ಎರಡು ಮೂರು ದಿನದಲ್ಲಿ ತಗೊಂಡು ಹೋಗಿಬಿಡುತ್ತೆ. ಅದಕ್ಕೆ ಎರಡು ತಿಂಗಳಿಗೆ ಮೊದಲ ಲಸಿಕೆ, ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು. ಮೂರು ತಿಂಗಳು ತುಂಬಿದ ಮೇಲೆ ಹುಚ್ಚುನಾಯಿ ಕಾಯಿಲೆಯ ಲಸಿಕೆ. ಇದನ್ನೆಲ್ಲ ಒಂದು ಕಾರ್ಡಿನಲ್ಲಿ ಬರೆಸಿಕೊಂಡೆ. ಆ ಕಾರ್ಡು ಮುಂದೆ ಬಹಳ ಕೆಲಸಕ್ಕೆ ಬಂತು.

ಇನ್ನೊಂದು ಮಾತು. ಚೀಲ ಬಿಚ್ಚುವಾಗ ಮರಿ ಹೆದರಿ ನಮ್ಮನೆಯವರ ಬೆರಳಿಗೆ ಹಲ್ಲು ತಾಗಿಸಿತ್ತು. ಸೂಜಿಮೊನೆಯಷ್ಟು ಗಾಯ. "ಮರಿ ಕಣೇ, ಏನಾಗ್ತದೆ" ಅಂತ ಅವರ ವಾದ. ಮರಿಯಾದ್ರೂ ಅದರ ತಾಯಿ ಯಾವುದು, ಅದಕ್ಕೆ ಏನಿತ್ತು ಅಂತ ಯಾರಿಗೆ ಗೊತ್ತು? ಸೋಪು ಹಾಕಿ ಹರಿಯೋ ನಲ್ಲಿ ನೀರಲ್ಲಿ ಹದಿನೈದು ನಿಮಿಷ ತೊಳೆಸಿ, ಅವತ್ತೇ ಆಸ್ಪತ್ರೆಗೆ ಕಳಿಸಿ ಸೂಜಿ ಹಾಕಿಸಿದೆ. ಮೂರನೇ ದಿನ, ಏಳನೇ ದಿನ ಅಂತ ಬರೆದುಕೊಟ್ಟ ತಾರೀಕು ಒಂದನ್ನೂ ತಪ್ಪಿಸಲಿಲ್ಲ. ಆ ಕಾಯಿಲೆ ಕಾಣಿಸಿಕೊಂಡ ಮೇಲೆ ಬದುಕಿಸೋದು ಆಗದ ಮಾತು. ಬರೋಕೆ ಮುಂಚೆಯೇ ತಡೀಬೇಕು.

ಹದಿನೈದು ದಿನಕ್ಕೆ ಕೆಂಚಿ ಮನೆ ತುಂಬ ಓಡಾಡೋ ಹಾಗಾಯ್ತು. ಆಗ ಶುರುವಾಯ್ತು ನೋಡಿ ಕಷ್ಟ. ನಮ್ಮತ್ತೆಗೆ ಎಂಬತ್ತನಾಲ್ಕು ವರ್ಷ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆಗೆ ಆಪರೇಷನ್ ಆಗಿ, ಈಗ ಕೋಲು ಹಿಡಿದು ನಡೆಯೋರು. ಇನ್ನೊಂದು ಸಲ ಬಿದ್ದರೆ ಏಳೋದು ಕಷ್ಟ ಅಂತ ಡಾಕ್ಟರು ಹೇಳಿದ್ರು. ಕೆಂಚಿಗೆ ಮನೇಲಿ ಎಲ್ಲರಿಗಿಂತ ಅವರೇ ಇಷ್ಟ. ಅವರು ಎದ್ದರೆ ಕಾಲಿಗೆ ಸುತ್ತಿಕೊಳ್ಳೋದು, ಸೆರಗು ಎಳೆಯೋದು, ಕೋಲಿನ ತುದಿ ಕಚ್ಚಿ ಆಟ ಆಡೋದು. ಒಂದಿನ ಸಂಜೆ ದೇವರಿಗೆ ದೀಪ ಹಚ್ಚೋಕೆ ಅಂತ ಎದ್ದೋರು ಕಂಬ ತಬ್ಬಿಕೊಂಡು ನಿಂತುಬಿಟ್ಟಿದ್ದರು. ಕೋಲು ಒಂದು ಕಡೆ, ಮರಿ ಒಂದು ಕಡೆ. ಕಂಬ ಅಲ್ಲಿಲ್ಲದೆ ಇದ್ದಿದ್ರೆ ಅನ್ನೋದನ್ನ ನೆನೆಸಿಕೊಂಡರೆ ಈಗಲೂ ಕೈ ಕಾಲು ತಣ್ಣಗಾಗುತ್ತೆ.

ಅವತ್ತು ರಾತ್ರಿ ನಾವಿಬ್ಬರೂ ಮಾತಾಡಿಕೊಂಡ್ವಿ. ಮರಿನ ಕಟ್ಟಿಹಾಕಿ ಸಾಕೋದು ಅಂದ್ರೆ ಅದರ ಹೊಟ್ಟೆ ಉರಿಸಿದ ಹಾಗೆ. ಬಿಟ್ಟು ಸಾಕಿದ್ರೆ ಅತ್ತೆಗೆ ಅಪಾಯ. ಬೇರೆ ಒಳ್ಳೆ ಮನೆ ನೋಡಲೇಬೇಕು. ತಮಾಷೆ ಏನಂದ್ರೆ, ಬೇಡ ಅಂತ ಗಲಾಟೆ ಮಾಡಿದ್ದೇ ಅತ್ತೆ. "ಬೈರವನ ವಾಹನ ಕಣವ್ವ ಅದು, ಮನೆ ಬಾಗ್ಲಿಗೆ ಬಂದೈತೆ. ನಾನು ಬಿದ್ರೆ ನನ್ ಹಣೇಬರ. ಅದುನ್ನ ಓಡಿಸಬ್ಯಾಡ" ಅಂತ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. "ಓಡಿಸ್ತಿಲ್ಲ ಅತ್ತೆ, ಮನೆ ನೋಡಿ ಕೊಡ್ತೀವಿ" ಅಂದೆ. "ಯಾರ ಮನೆ ಅಂತ ನಂಗೂ ತೋರ್ಸು. ನಾನು ಊಂ ಅಂದ್ರೇನೆ" ಅಂದ್ರು. ಆಯ್ತು ಅಂದೆ.

ಊರಲ್ಲಿ ಸಲಹೆಗೇನು ಬರ. "ಗುಬ್ಬಿ ಬಸ್‌ಸ್ಟ್ಯಾಂಡಲ್ಲಿ ಬಿಟ್ಟು ಬನ್ನಿ, ಹೋಟ್ಲೋರು ಏನಾದ್ರೂ ಹಾಕ್ತಾರೆ" ಅಂದ್ರು ಒಬ್ಬರು. "ಗುಡಿ ಹತ್ರ ಬಿಡಿ, ಪ್ರಸಾದ ತಿಂದ್ಕಂಡು ಇರ್ತದೆ" ಅಂದ್ರು ಇನ್ನೊಬ್ಬರು. ಸಾಕಿದ ಪ್ರಾಣಿನ ಊಟ ನೀರಿಲ್ಲದ ಕಡೆ ಬಿಟ್ಟುಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ತಪ್ಪು. ಅದಿರಲಿ, ಕಾಲ ಕೂಡ ಬದಲಾಗೈತೆ. 2025ರ ಆಗಸ್ಟಿನಿಂದ ಟಿ.ವಿ.ಲೆಲ್ಲ ಬೀದಿನಾಯಿ ಸುದ್ದಿನೇ. ಆಗಸ್ಟ್ 22ಕ್ಕೆ ಸುಪ್ರೀಂ ಕೋರ್ಟು, ಬೀದಿನಾಯಿಗಳಿಗೆ ಆಪರೇಷನ್, ಲಸಿಕೆ ಮಾಡಿಸಿ ಹಿಡಿದ ಜಾಗಕ್ಕೇ ಬಿಡಬೇಕು, ಹುಚ್ಚು ಹಿಡಿದದ್ದು, ಮೇಲೆ ಬೀಳೋದು ಇವನ್ನ ಮಾತ್ರ ಬಿಡಬಾರದು ಅಂತು. ಬೀದಿನಾಯಿ ಸಾಕೋಕೆ ಇಷ್ಟ ಇರೋರು ನಗರಸಭೆಯಂಥ ಕಡೆ ಅರ್ಜಿ ಕೊಟ್ಟು ದತ್ತು ತಗೋಬಹುದು, ಆದ್ರೆ ತಗೊಂಡ ಮೇಲೆ ಅದು ಮತ್ತೆ ಬೀದಿಗೆ ಬರದ ಹಾಗೆ ನೋಡ್ಕೋಬೇಕು ಅಂತಲೂ ಹೇಳ್ತು. ನವೆಂಬರ್ 7ಕ್ಕೆ ಇನ್ನೊಂದು ಆದೇಶ ಬಂತು. ಸ್ಕೂಲು, ಆಸ್ಪತ್ರೆ, ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನಿನಿಂದ ನಾಯಿಗಳನ್ನ ತೆಗೆದು ಬೇರೆ ಕಡೆ ಇಡಬೇಕು, ಮತ್ತೆ ಅಲ್ಲಿಗೇ ತಂದು ಬಿಡಬಾರದು ಅಂತ. ಹಿಂಗಿರುವಾಗ ಎರಡು ತಿಂಗಳ ಕೂಸನ್ನ ಬಸ್‌ಸ್ಟ್ಯಾಂಡಲ್ಲಿ ಬಿಟ್ಟು ಬಂದ್ರೆ ಅದರ ಗತಿ ಏನು ನೀವೇ ಹೇಳಿ.

ಮದ್ದೂರು ಕಡೆಗೆ ಕೊಟ್ಟಿರೋ ನನ್ನ ಮಗಳು ಫೋನ್ ಮಾಡಿದಾಗ, "ಅಮ್ಮ, ಯಾರು ಕೇಳಿದ್ರೂ ಕೊಟ್ಟುಬಿಡಬೇಡ. ನನ್ನ ಕೊಡೋಕೆ ಮುಂಚೆ ಎಷ್ಟು ವಿಚಾರಿಸಿದ್ದೆ, ಅಷ್ಟೇ ವಿಚಾರಿಸು" ಅಂದ್ಲು. ತಮಾಷೆಗೆ ಅಂದಿದ್ದು. ಆದ್ರೆ ನಾನು ಅದನ್ನೇ ಹಿಡ್ಕೊಂಡೆ.

ಮೊದಲು ಕೇಳಿಕೊಂಡು ಬಂದೋರು ಪಕ್ಕದ ಊರಿನ ತೋಟದವರು. ಅನುಕೂಲಸ್ಥರು, ಒಳ್ಳೆ ಜನ. ಹೆಣ್ಣಾದ್ರೂ ಅಡ್ಡಿಯಿಲ್ಲ ಅಂದ್ರು, ನನಗೆ ಅರ್ಧ ಸಂತೋಷ ಆಗಿಹೋಯ್ತು. "ರಾತ್ರಿ ಎಲ್ಲಿ ಮಲಗುತ್ತೆ?" ಅಂತ ಕೇಳಿದೆ. "ಪಂಪ್‌ಸೆಟ್ ಮನೆ ಹತ್ರ ಚೈನ್ ಹಾಕಿ ಕಟ್ತೀವಿ. ಅಡಿಕೆ ಕಳ್ಳರ ಕಾಟ ಅಲ್ವಾ" ಅಂದ್ರು. ಅಲ್ಲಿ ರಾತ್ರಿ ಹೊತ್ತು ಒಂದು ನರಪಿಳ್ಳೆ ಇರಲ್ಲ. ನಮ್ ಸೀಮೇಲಿ ಚಿರತೆ ಅಂದ್ರೆ ಕತೆಯಲ್ಲ. 2019ರ ಕೊನೆ, 2020ರ ಮೊದಲಲ್ಲಿ ನಮ್ ಗುಬ್ಬಿ, ತುಮಕೂರು, ಕುಣಿಗಲ್ ತಾಲ್ಲೂಕುಗಳ ಕಡೆ ಮನುಷ್ಯರ ಪ್ರಾಣವನ್ನೇ ತೆಗೆದಿತ್ತು. ನಾಯಿ ಅಂದ್ರೆ ಅದಕ್ಕೆ ಹೋಳಿಗೆ ಊಟ ಇದ್ದ ಹಾಗೆ. ಬಿಚ್ಚಿರೋ ನಾಯಿಯಾದ್ರೆ ಓಡಿ ಮನೆಯೊಳಗೆ ನುಗ್ಗುತ್ತೆ, ಚೈನಲ್ಲಿರೋದು ಎಲ್ಲಿಗೆ ಓಡುತ್ತೆ? ಕಳ್ಳನ ಕಾಯೋಕೆ ಅಂತ ಕಟ್ಟಿದ್ದು ಚಿರತೆಗೆ ಕಟ್ಟಿದ ಹಾಗಾಗುತ್ತೆ. "ಅಣ್ಣ, ಬೇಜಾರ್ ಮಾಡ್ಕೋಬೇಡಿ, ಕೊಡಕಾಗಲ್ಲ" ಅಂದೆ. ಅವರು ಬೇಜಾರೇ ಮಾಡಿಕೊಂಡ್ರು. ಇರಲಿ.

ಎರಡನೆಯವರು ತುಮಕೂರು ಸಿಟಿಯ ಗಂಡ ಹೆಂಡತಿ, ಎರಡು ಮಕ್ಕಳು. 2022ರಲ್ಲಿ '777 ಚಾರ್ಲಿ' ಸಿನಿಮಾ ನೋಡಿದಾಗಿನಿಂದ ಮಕ್ಕಳಿಗೆ ನಾಯಿ ಬೇಕಂತೆ. ಚಾರ್ಲಿ ಲ್ಯಾಬ್ರಡಾರ್ ಜಾತಿದು, ನಮ್ಮ ಕೆಂಚಿ ಊರುನಾಯಿ. ಆದ್ರೆ ಆ ಸಿನಿಮಾದಲ್ಲಿ ತೋರಿಸಿರೋದು, ಜಾತಿನಾಯಿ ಅಂತ ದುಡ್ಡಿನಾಸೆಗೆ ಮರಿ ಹಾಕಿಸೋರ ಕೈಲಿ ನಾಯಿಗಳು ಪಡೋ ಪಾಡನ್ನೇ. "ದುಡ್ಡು ಕೊಟ್ಟು ತರೋ ಬದಲು ಇಂಥದ್ದನ್ನೇ ಸಾಕೋಣ ಅಂತ ನಾವೇ ತೀರ್ಮಾನ ಮಾಡಿದ್ವಿ ಆಂಟಿ" ಅಂದ್ಲು ಆ ಹುಡುಗಿ. ಎರಡು ಸಲ ಬಂದು ಮರಿ ಜೊತೆ ಕೂತು ಹೋದ್ರು. ಬಾಡಿಗೆ ಮನೆ, ಓನರ್ ಒಪ್ಪಿದ್ದಾರೆ ಅಂದ್ರು. ನಾನು ಒಂದೇ ಷರತ್ತು ಹಾಕಿ ಕಳಿಸಿದೆ. "ಹೊಂದಿಕೊಳ್ಳದೇ ಹೋದ್ರೆ ಅರ್ಧರಾತ್ರಿಯಾದ್ರೂ ಸರಿ, ನಮ್ಮನೆಗೇ ವಾಪಸ್ ತನ್ನಿ. ಇನ್ನೊಬ್ಬರಿಗೆ ದಾಟಿಸೋದು, ರಸ್ತೇಲಿ ಬಿಡೋದು ಕೂಡದು."

ಒಂಬತ್ತನೇ ದಿನ ಬಂದೇ ಬಂದ್ರು. ರಾತ್ರಿ ಅಳುತ್ತೆ ಅಂತ ಮೇಲಿನ ಮನೆಯವರು ತಕರಾರು ಮಾಡಿ, ಓನರ್ ಮಾತು ತಿರುಗಿಸಿ ಮನೆ ಖಾಲಿ ಮಾಡಿ ಅಂದನಂತೆ. ಆ ಹುಡುಗಿ ಅಳ್ತಾ ಇದ್ಲು, ಮಕ್ಕಳು ಕಾರಿಂದ ಇಳೀಲೇ ಇಲ್ಲ. ನಾನು ಅವರಿಗೆ ಊಟ ಹಾಕಿ ಕಳಿಸಿದೆ. ಯಾಕಂದ್ರೆ ತಂದುಕೊಟ್ಟರಲ್ಲ. ದಾರೀಲಿ ಎಲ್ಲೋ ಇಳಿಸಿ, "ಚೆನ್ನಾಗೈತೆ ಆಂಟಿ" ಅಂತ ಫೋನಲ್ಲಿ ಹೇಳಿದ್ರೆ ನಮಗೆ ಗೊತ್ತಾಗ್ತಿತ್ತಾ? ಕೆಂಚಿ ಮಾತ್ರ ಎರಡು ದಿನ ಮಂಚದ ಕೆಳಗಿಂದ ಈಚೆ ಬರಲಿಲ್ಲ. ಅತ್ತೆ ಮಂಚದ ಮೇಲೆ, ಅದು ಕೆಳಗೆ. ಅವರು ಕೈ ಇಳಿಬಿಟ್ಟುಕೊಂಡೇ ಮಲಗ್ತಿದ್ರು.

ಆಮೇಲೆ ಮೂರು ವಾರ ಯಾರೂ ಇಲ್ಲ. ಫೋನು ಬರೋದು, "ಗಂಡಾ ಹೆಣ್ಣಾ" ಅನ್ನೋದು, ಇಡೋದು. ಒಬ್ಬರಂತೂ "ಆಪ್ರೇಸನ್ ಮಾಡ್ಸಿ ಕೊಡಂಗಿದ್ರೆ ತಗತೀವಿ" ಅಂದ್ರು. ಆ ಮಾತು ನನಗೆ ಹಿಡಿಸ್ತು. ಹೆಣ್ಣು ಬೇಡ ಅನ್ನೋದಕ್ಕೆ ಕಾರಣ ಇರೋದೇ ಅದೊಂದು. ಆರು ತಿಂಗಳ ಆಸುಪಾಸಲ್ಲಿ ಸಂತಾನಹರಣದ ಆಪರೇಷನ್ ಆಗಿಹೋದ್ರೆ ಬೆದೆಯೂ ಇಲ್ಲ, ಬಾಗಿಲಲ್ಲಿ ಗಂಡುನಾಯಿ ಜಾತ್ರೆಯೂ ಇಲ್ಲ, ಎರಡು ತಿಂಗಳಿಗೆ ಹೆರಿಗೆಯೂ ಇಲ್ಲ. ಮನೆ ಕಾಯೋದ್ರಲ್ಲಿ ಹೆಣ್ಣೇನು ಗಂಡಿಗೆ ಕಡಿಮೆಯಿಲ್ಲ. ಅಲ್ಲಿಂದ ಮುಂದೆ ಫೋನ್ ಬಂದ್ರೆ ಮೊದಲೇ ಹೇಳ್ತಿದ್ದೆ, "ಹೆಣ್ಣು. ಆಪರೇಷನ್ ಖರ್ಚು ನಮ್ಮದು. ಈಗ ಮುಂದಿನ ಮಾತಾಡಿ" ಅಂತ.

ಹಿಂಗೇ ಒಂದು ಫೋನು ಬಂತು, ಗುಬ್ಬಿಯಿಂದ. ಮನೇಲೇ ಬಟ್ಟೆ ಹೊಲಿಯೋ ಹೆಣ್ಣುಮಗಳು, ನನಗಿಂತ ಐದಾರು ವರ್ಷ ಚಿಕ್ಕವಳು. ಗಂಡ ತೀರಿಕೊಂಡಿದ್ದಾನೆ, ಮಗ ಐ.ಟಿ.ಐ. ಓದ್ತಾನೆ. ಚಿಕ್ಕ ಮನೆ, ಆದ್ರೆ ಸ್ವಂತದ್ದು, ಮುಂದೆ ಒಂದು ಹಿಡಿ ಜಾಗಕ್ಕೆ ಕಾಂಪೌಂಡು. ನಾನು ಎಂದಿನ ಹಾಗೆ ಒಂದೊಂದೇ ಕೇಳಿದೆ. ಹಗಲು ಯಾರಿರ್ತಾರೆ? "ನಾನು ಮಿಷನ್ ಬಿಟ್ಟು ಎಲ್ಲಿಗ್ ಹೋಗ್ಲಕ್ಕ." ರಾತ್ರಿ ಎಲ್ಲಿ ಮಲಗುತ್ತೆ? "ಒಳಗೇ." ಊರಿಗೆ ಹೋದ್ರೆ? "ನಮ್ಮಕ್ಕನ ಮನೆ ಎದುರುಗಡೇನೇ." ಕೊನೇಗೆ, "ಮುಂಚೆ ನಾಯಿ ಸಾಕಿದ್ರಾ? ಅದೇನಾಯ್ತು?" ಅಂದೆ.

ಈ ಕೊನೇ ಪ್ರಶ್ನೆ ಇದೆಯಲ್ಲ, ಮಿಕ್ಕಿದ್ದೆಲ್ಲ ಕೇಳದೇ ಇದ್ದರೂ ಇದೊಂದು ಕೇಳಿ ಅಂತ ನಿಮಗೆ ಹೇಳ್ತೀನಿ. "ಎಲ್ಲೋ ಹೋಯ್ತು", "ಯಾವುದೋ ಗಾಡಿ ಹೊಡೀತು", "ಯಾರಿಗೋ ಕೊಟ್ವಿ" ಅನ್ನೋ ಉತ್ತರ ಎರಡು ಮೂರು ನಾಯಿಗೂ ಬಂದ್ರೆ ನಾಲ್ಕನೇದಕ್ಕೂ ಅದೇ ಆಗುತ್ತೆ. ಈಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹದಿನಾಲ್ಕು ವರ್ಷ ಇತ್ತಕ್ಕ. ಕೊನೇಲಿ ಕಣ್ಣು ಹೋಗಿತ್ತು, ನಾನೇ ಕೈಲಿ ಉಣ್ಣಿಸ್ತಿದ್ದೆ. ಹೋದ ಶ್ರಾವಣದಲ್ಲಿ ಹೋಯ್ತು" ಅಂದ್ಲು. ಕಾರ್ಡು ಇಟ್ಟುಕೊಂಡಿದ್ದಳು, ಹದಿನಾಲ್ಕು ವರ್ಷದ ಸೂಜಿ ಲೆಕ್ಕದ ಕಾರ್ಡು. ಫೋಟೋ ಕಳಿಸಿದ್ಲು.

ಅತ್ತೆಗೆ ಮಾತು ಕೊಟ್ಟಿದ್ನಲ್ಲ, ಆಟೋ ಮಾಡಿಕೊಂಡು ಅವರನ್ನೂ ಕರ್ಕೊಂಡು ಗುಬ್ಬಿಗೆ ಹೋದ್ವಿ. ಅತ್ತೆ ಸೋಫಾ ನೋಡಲಿಲ್ಲ, ಟಿ.ವಿ. ನೋಡಲಿಲ್ಲ. ಮಿಷನ್ ಪಕ್ಕ ಮೂಲೇಲಿ ಹಳೇ ನಾಯಿದು ಒಂದು ಹೊಲಿದ ಹಾಸಿಗೆ ಇತ್ತು, ತುಂಡುಬಟ್ಟೆ ತುಂಬಿ ಮಾಡಿದ್ದು. ಒಗೆದು ಹಾಗೇ ಇಟ್ಟಿದ್ದಳು. ಅತ್ತೆ ಅದನ್ನ ಕೋಲಿನಲ್ಲಿ ಮುಟ್ಟಿ ನೋಡಿ, "ಊಂ, ಆಯ್ತು" ಅಂದ್ರು. ಅಷ್ಟೇ.

ಹುಚ್ಚುನಾಯಿ ಲಸಿಕೆ ಆಗಿ, ಸಂಕ್ರಾಂತಿ ಮುಗಿದ ಮೇಲೆ ಕೆಂಚಿನ ಕಳಿಸಿಕೊಟ್ವಿ. ಲಸಿಕೆ ಕಾರ್ಡು, ಅದು ತಿನ್ನೋ ತಟ್ಟೆ, ಅತ್ತೆಯ ಹಳೇ ಸೀರೆ ತುಂಡೊಂದು. ಮನೆ ವಾಸನೆ ಇರೋ ಬಟ್ಟೆ ಜೊತೇಲಿದ್ರೆ ಹೊಸ ಕಡೆ ಕಡಿಮೆ ಅಳುತ್ತೆ. ಸಿಟಿಗೆ ಹೋದಾಗಿನ ಹಾಗೆ ಆಗದಿರಲಿ ಅಂತ ಮೊದಲ ಎರಡು ಭಾನುವಾರ ಆಕೆಯೇ ಇಲ್ಲಿಗೆ ಬಂದು ಉಣ್ಣಿಸಿ ಹೋಗಿದ್ಲು, ಹಾಗಾಗಿ ಗುರುತಾಗಿತ್ತು.

ಈ ವಿಷಯ ಮಗಳಿಗೆ ಹೇಳಿದಾಗ ಅವಳೊಂದು ಕತೆ ಹೇಳಿದ್ಲು. ಅವರ ಮದ್ದೂರು ತಾಲ್ಲೂಕಿನ ಆತಕೂರಲ್ಲಿ ನಾಯಿಗೆ ನಿಲ್ಲಿಸಿದ ಕಲ್ಲು ಸಿಕ್ಕೈತೆ, ಕ್ರಿ.ಶ. 949-50ರ ಕಾಲದ್ದು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆಯಂತೆ. ಮಣಲೇರ ಅನ್ನೋ ವೀರ ಯುದ್ಧದಲ್ಲಿ ಚೆನ್ನಾಗಿ ಕಾದಾಡಿದ್ದಕ್ಕೆ ಗಂಗರ ದೊರೆ ಬೂತುಗ ಮೆಚ್ಚಿ ಏನು ಬೇಕೋ ಕೇಳು ಅಂದ. ಮಣಲೇರ ಕೇಳಿದ್ದು ಕಾಳಿ ಅನ್ನೋ ನಾಯಿನ. ಆಮೇಲೆ ಒಂದು ದೊಡ್ಡ ಕಾಡುಹಂದಿ ಜೊತೆ ಕಾದಾಡಿ ಹಂದಿ, ನಾಯಿ ಎರಡೂ ಸತ್ತವು. ಮಣಲೇರ ಕಾಳಿಗೆ ಕಲ್ಲು ಹಾಕಿಸಿ, ಪೂಜೆ ನಡೆಯೋಕೆ ಭೂಮಿ ಬಿಡಿಸಿದ. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡೋ ಹಾಗಿಲ್ಲ ಅಂತ ಕಟ್ಟೂ ಮಾಡಿದ್ದಾರೆ. ಕಾಳಿನೂ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದ ನಾಯಿನೇ ಅಲ್ವಾ. ಸಿಕ್ಕಿತು ಅಂತ ತಗೊಂಡಿದ್ದಲ್ಲ, ಬಾಯಿಬಿಟ್ಟು ಬೇಡಿ ತಗೊಂಡಿದ್ದು. ಬೇಕು ಅಂತ ಕೇಳಿ ತಗೊಂಡೋರು ಸತ್ತ ಮೇಲೂ ಮರೆಯಲ್ಲ.

ಅತ್ತೆಗೆ ಈ ಕತೆ ಬಹಳ ಹಿಡಿಸ್ತು. ಬಂದೋರಿಗೆಲ್ಲ ಹೇಳ್ತಾರೆ, ಹೇಳುವಾಗ ಕಾಳಿ ಹೋಗಿ ಕೆಂಚಿ ಆಗಿರುತ್ತೆ.

ಏಪ್ರಿಲ್‌ನಲ್ಲಿ ತುಮಕೂರಿನಲ್ಲಿ ಕೆಂಚಿಗೆ ಆಪರೇಷನ್ ಮಾಡಿಸಿದ್ವಿ. ಹೇಳಿದ ಮಾತಿನಂತೆ ಖರ್ಚು ನಮ್ಮದು. ಆದ್ರೆ ಆ ಹೊತ್ತಿಗೆ ನನ್ನ ತಲೆಗೆ ಇನ್ನೊಂದು ಹೊಕ್ಕಿತ್ತು. ಒಂದು ಮರಿಗೆ ಮನೆ ಹುಡುಕೋಕೆ ಎರಡೂವರೆ ತಿಂಗಳು ಬೇಕಾಯ್ತು. ಕೆಂಚಿಯ ತಾಯಿ ಎಲ್ಲೋ ಇದ್ದೇ ಇರುತ್ತಲ್ಲ, ಅಷ್ಟರೊಳಗೆ ಅದು ಮತ್ತೆ ಗಬ್ಬ ಆದ್ರೆ? ನಮ್ಮನೆಯವ್ರು ವಿಚಾರಿಸಿ ಪತ್ತೆ ಮಾಡಿದ್ರು, ಕೆರೆ ಕಡೆ ಟೀ ಅಂಗಡಿ ಹತ್ರ ಇರೋ ಕೆಂಚುನಾಯಿ, ಎದೆ ಮೇಲೆ ಅದೇ ಬಿಳಿ. ಬೀದಿನಾಯಿಗಳ ಸಂತಾನ ತಡೆಯೋದು 2023ರ ನಿಯಮದ ಪ್ರಕಾರ ಊರಾಡಳಿತದ ಕೆಲಸ. ಪಂಚಾಯ್ತಿಗೆ ಒಂದು ಅರ್ಜಿ ಬರೆದುಕೊಟ್ಟು ಬಂದೆ. ಆದ್ರೆ ನಾಯಿ ಗಬ್ಬ ಅರ್ಜಿಗೆ ಕಾಯುತ್ತಾ? ಟೀ ಅಂಗಡಿಯವನು, ನಾವು, ಗುಬ್ಬಿಯ ಆ ಹೆಣ್ಣುಮಗಳು ಮೂರೂ ಜನ ಸೇರಿ ದುಡ್ಡು ಹಾಕಿ, ಲಗೇಜ್ ಆಟೋದಲ್ಲಿ ತಾಯಿನೂ ಮಗಳ ಜೊತೆಗೇ ಕರ್ಕೊಂಡು ಹೋದ್ವಿ. ತಾಯಿಗೆ ಎಡಗಿವಿ ತುದಿ ಒಂಚೂರು ಕತ್ತರಿಸಿದ್ದಾರೆ. ಆಪರೇಷನ್ ಆದ ಬೀದಿನಾಯಿಗೆ ಅದೇ ಗುರುತು. ನಿಮ್ ಕಡೆ ಹಂಗೆ ಕಿವಿ ಕತ್ತರಿಸಿರೋ ನಾಯಿ ಕಂಡ್ರೆ ಯಾರೋ ಹೊಡೆದ್ರು ಅಂದ್ಕೋಬೇಡಿ.

ಹಾಗಾಗಿ ಮರಿಗೆ ಮನೆ ಹುಡುಕೋರಿಗೆ ನಾನು ಹೇಳೋದಿಷ್ಟೇ. ಕೇಳೋಕೆ ಸಂಕೋಚ ಪಡಬೇಡಿ, ಬೇಜಾರಾಗೋರು ಆಗಲಿ. ಹೊಂದಲಿಲ್ಲ ಅಂದ್ರೆ ವಾಪಸ್ ತರೋಕೆ ಬಾಗಿಲು ತೆಗೆದಿಟ್ಟಿರಿ. ಹೆಣ್ಣುಮರಿಯಾದ್ರೆ ಆಪರೇಷನ್ನಿಗೆ ಒಂದು ದಾರಿ ಮಾಡಿಕೊಂಡೇ ಮಾತಿಗೆ ಕೂರಿ. ಮರಿ ಕಳಿಸಿ ಕೈ ತೊಳ್ಕೊಳ್ಳೋ ಮುಂಚೆ ಅದರ ತಾಯಿ ಎಲ್ಲಿದೆ ಅಂತ ಒಂದ್ಸಲ ನೋಡಿ.

ಕೆಂಚಿಯ ತಾಯಿ ಈಗಲೂ ಟೀ ಅಂಗಡಿ ಮುಂದೇನೇ ಮಲಗಿರುತ್ತೆ. ಮೈ ತುಂಬಿಕೊಂಡೈತೆ. ಈ ಮಳೆಗಾಲದಲ್ಲಿ ಅದರ ಸುತ್ತ ಒಂದೂ ಮರಿಯಿಲ್ಲ.